ನಲವತ್ತು ಸಾಕು

ತೂಕದ ಮನೆಯ ಕಿಟಕಿಯಾಚೆ
ಮಂಡ್ಯದ ರಸ್ತೆಯವರೆಗೂ ನಿಂತಿವೆ ಟ್ರ್ಯಾಕ್ಟರುಗಳು,
ಒಂದರ ಸೋಗೆ ಹಿಂದಿನದರ ದೀಪಕ್ಕೆ ತಗುಲುತ್ತ.
ಒಳಗೆ ಪರದೆಯ ಮೇಲೆ ಒಂದೇ ಸಾಲು:
ಡಿಸ್ಕ್ ತುಂಬಿದೆ.

ಬೋರಲಿಂಗು ಫೋನಿನಲ್ಲಿ ಅಂದದ್ದು ಇಷ್ಟೇ,
'ಅಕ್ಕಾ, ತೂಕ ಬರ್ತದೆ, ಚೀಟಿ ಬರಾಕಿಲ್ಲ.'
ಸ್ವೆಟರು ಹಾಕಿಕೊಂಡು ಸ್ಕೂಟರು ತೆಗೆದೆ.
ರಾತ್ರಿ ಹನ್ನೊಂದೂಕಾಲು.
ನಾಲೆಯ ಏರಿಯುದ್ದಕ್ಕೂ ಕಾಕಂಬಿಯ ವಾಸನೆ.

ಇಲ್ಲಿರುವುದು ಒಂದು ಯಂತ್ರವಲ್ಲ, ಎರಡು.
ಹೊರಗಿನದು ಹೋದ ವರ್ಷ ಬಂದ ಕರಿಯ ಪೆಟ್ಟಿಗೆ.
ಅದರ ಹೊಟ್ಟೆಯಲ್ಲಿ ಕೈಗೆ ಸಿಗದ ಇನ್ನೊಂದು.
ಹಳೆಯ ತೂಕದ ಲೆಕ್ಕ ಬೇರೆಲ್ಲೂ ಓಡುವುದಿಲ್ಲವೆಂದು
ಫ್ರಾಂಕ್ಲಿನ್ ಸರ್ ಕಟ್ಟಿಕೊಟ್ಟದ್ದು,
ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟುತ್ತ ಬಂದದ್ದು.
ಅದಕ್ಕೆ ತಾನೇ ಯಂತ್ರವೆಂಬ ನಂಬಿಕೆ,
ತನಗೊಂದು ಡಿಸ್ಕಿದೆ, ಅದು ಸುತ್ತುತ್ತದೆ ಅಂತಲೂ.
ಇರುವುದು ಒಂದು ಕಡತ, ಹೆಸರಿಟ್ಟು ಮಡಗಿದ್ದು.

'ನಲವತ್ತು ಜಿಬಿ ಸಾಕು ಬಿಡಮ್ಮ' ಅಂದಿದ್ದರು
ಟೀ ಲೋಟವನ್ನು ಕೀಬೋರ್ಡಿನ ಮೇಲೇ ಇಟ್ಟು,
'ಕಬ್ಬು ತೂಗೋಕೆ ಎಷ್ಟು ಬೇಕು?'
ಈಗ ನಂಜನಗೂಡಿನಾಚೆ ಎಲ್ಲೋ ಕೋಳಿ ಸಾಕುತ್ತಾರೆ.

ಹಿಗ್ಗಿಸು ಎಂದೆ. ಆಗುವುದಿಲ್ಲ ಎಂದಿತು.
ಬೆನ್ನಿಗೆ ಮೂರು ಸ್ನ್ಯಾಪ್‌ಶಾಟುಗಳಿವೆ,
ಮೊದಲು ಅವನ್ನು ಬಿಡಿಸು.

ಎರಡಕ್ಕೆ ಬರಿಯ ತಾರೀಕು.
ಮೂರನೆಯದಕ್ಕೆ ಸರ್ ಇಟ್ಟ ಹೆಸರು,
'ಇರ್ಲಿ'.

ಉಗುರಿನಷ್ಟಗಲ ಚಿತ್ರ. ಒತ್ತಿ ದೊಡ್ಡದು ಮಾಡಿದೆ.
ಹನ್ನೊಂದು ವರ್ಷದ ಹಿಂದೆ, ನಡುರಾತ್ರಿ ಎರಡೂ ಹತ್ತು.
ಸರದಿ: ನೂರ ಹದಿನೆಂಟು.
ವಾಹನ: ಎತ್ತಿನ ಗಾಡಿ.
ಹೆಸರಿನ ಜಾಗದಲ್ಲಿ ಅರ್ಧಕ್ಕೆ ನಿಂತ 'ಮಾಯಿಗ'.
ಅವನ ಕಬ್ಬು ಅದೇ ವಾರ ಸಕ್ಕರೆಯಾಗಿ
ಯಾವುದೋ ಮದುವೆಯ ಪಾಯಸದಲ್ಲಿ ಕರಗಿದೆ.
ಇಲ್ಲಿ ಮಾತ್ರ ಎತ್ತುಗಳು ಇನ್ನೂ ತಟ್ಟೆಯ ಮೇಲೆ,
ಹಿಂತಿರುಗು ಎಂದರೆ ಆ ರಾತ್ರಿ ಹಿಂತಿರುಗುತ್ತದೆ,
ಈ ರಾತ್ರಿ ಹೋಗುತ್ತದೆ.

ಇಲ್ಲಿ ಅಳಿಸುವುದೆಂದರೆ ಅಳಿಸುವುದಲ್ಲ,
ಹಿಂದಿನದನ್ನು ಇಂದಿನದರೊಳಗೆ ಕಲಸುವುದು.
ಹಾಗಂತ ನನಗೇ ಹೇಳಿಕೊಂಡು ಒತ್ತಿದೆ.
ಇಪ್ಪತ್ತೆರಡು ನಿಮಿಷ.
ಬೋರಲಿಂಗು ಹೊರಗೆ ಹೋಗಿ ಬೈಸಿಕೊಂಡು ಬಂದ.
ಡ್ರೈವರೊಬ್ಬ ಕಿಟಕಿಗೆ ಮುಖವಿಟ್ಟು,
'ಏನಕ್ಕೋ, ಕಬ್ಬು ಒಣಗಿ ತೂಕ ಇಳೀತದೆ,
ಯಾರ್ ಕೊಟ್ಟಾರು?'
ಉತ್ತರವಿರಲಿಲ್ಲ, ಅವನೂ ಕಾಯಲಿಲ್ಲ,
ಜಲ್ಲೆಯೊಂದನ್ನು ಮುರಿದು ಸರಳಿನ ಸಂದಿಯಲ್ಲಿಟ್ಟು ಹೋದ.

ನಲವತ್ತನ್ನು ನೂರಿಪ್ಪತ್ತು ಮಾಡಿದೆ.
ಆಯಿತು ಎಂದಿತು ಹೊರಗಿನದು.
ಒಳಗಿನದನ್ನು ಎಬ್ಬಿಸಿದೆ.
ಅದು ಕಣ್ಣುಜ್ಜಿಕೊಂಡು ಅಂದದ್ದು ಅದೇ:
ಡಿಸ್ಕ್ ತುಂಬಿದೆ.

ಕಟ್ಟೆಯಲ್ಲಿ ಬಾಗಿಲು ಎತ್ತಿದರೆಂದು
ಮಳವಳ್ಳಿಯ ಕೊನೆಗದ್ದೆಗೆ ನೀರು ಬಂದೀತೆ?
ನಡುವೆ ಎಷ್ಟು ತೂಬು, ಎಷ್ಟು ನೀರಗಂಟಿ.

ಪರದೆಯ ಬಲಗಡೆ ಕರಿಯ ಪಟ್ಟಿ,
ಎಂಬತ್ತು ಜಿಬಿ, ಯಾರ ಹೆಸರಿಗೂ ಇಲ್ಲ.
ಎಡಗಡೆ ಉಸಿರುಗಟ್ಟಿದ ಸಿ ಡ್ರೈವು.
ನಡುವೆ ಬದುವಿನಂತೆ ಅರ್ಧ ಜಿಬಿಯ ತುಂಡು,
ತಾನು ಕೆಟ್ಟರೆ ರಿಪೇರಿಗೆಂದು
ಯಂತ್ರವೇ ಎತ್ತಿಟ್ಟುಕೊಂಡದ್ದು.
'ವಿಸ್ತರಿಸು' ಎಂಬ ಪದ ಬೂದಿಬಣ್ಣದಲ್ಲಿದೆ,
ಒತ್ತಿದರೂ ಅಲುಗದು. ತಾಗಿದ ನೆಲವನ್ನು ಮಾತ್ರ
ಸೇರಿಸಿಕೊಳ್ಳಬಹುದು, ಬದು ಹಾರುವಂತಿಲ್ಲ.

ನಮ್ಮಪ್ಪ ಸರ್ವೆಯವರ ಹಿಂದೆ ಸರಪಣಿ ಎಳೆದವನು.
'ಬದಾ ಒಡೆಯೋ ಮುಂಚೆ
ಒಂದ್ ಗಳಿಗೆ ಅದ್ರ ಮ್ಯಾಲೇ ಕುಂತ್ಕೊಬೇಕು ಕಣವ್ವ' ಅನ್ನುತ್ತಿದ್ದ.
ಕುಂತೆ. ಜಲ್ಲೆ ಸಿಗಿದು ತಿಂದೆ.
ಇಡೀ ಕಡತದ ನಕಲೊಂದು ಬೇರೆ ಕಡೆ ಇಳಿಯಲಿ ಎಂದು ಬಿಟ್ಟೆ,
ಅದು ಇಳಿಯುವಷ್ಟರಲ್ಲಿ ನಾಲಿಗೆ ಕೊಯ್ದುಕೊಂಡಿತ್ತು.
ಆಮೇಲೆ ಒಡೆದೆ.

ಬೂದಿ ಕಪ್ಪಾಯಿತು. ಒತ್ತಿದೆ.
ನೀಲಿ ಪಟ್ಟಿ ಸದ್ದಿಲ್ಲದೆ ಬಲಕ್ಕೆ ಹರಿಯಿತು,
ಅಂಚಿನವರೆಗೂ.

ಚೀಟಿ ಬಂತು. ಹೊರಗೆ ಎಂಜಿನ್ನುಗಳು ಕೆಮ್ಮಿದವು.
'ಇದು ಎಷ್ಟು ವರ್ಷಕ್ಕೆ ಅಕ್ಕ?' ಎಂದ ಬೋರಲಿಂಗು.
ಸಾಕು ಬಿಡು, ಎನ್ನಲು ತೆರೆದ ಬಾಯಿಗೆ
ಕಬ್ಬಿನ ರಸ ಚುರ್ರೆಂದಿತು.

ಹೊರಡುವ ಮುಂಚೆ, ಸುಮ್ಮನೆ,
ಆ ತಾರೀಕು ಹಾಕಿ ಹುಡುಕಿದೆ. ನೂರ ಹದಿನೆಂಟು:
ಮಾಯಿಗಶೆಟ್ಟಿ, ಒಂದೂಮುಕ್ಕಾಲು ಟನ್ನು,
ಹಣ ಸಂದಾಯ.
ಎರಡೂ ಹನ್ನೊಂದಕ್ಕೇ ಇಳಿದು ಹೋಗಿದ್ದ.